ಹಾಳೆಯಲ್ಲಿ ಬಿಟ್ಟುಹೋದ ಅವ್ವ

ಆಯಿಯ ಬಲಗೈ ತೋರುಬೆರಳಿನ ತುದಿ ಇದ್ದಿಲಿನಂತೆ ಕಪ್ಪಗಿತ್ತು. ಎದ್ದ ಕೂಡಲೇ ಸುಟ್ಟ ತಂಬಾಕಿನ ಮಿಸ್ರಿಯನ್ನು ಹಲ್ಲಿಗೆ ತಿಕ್ಕುತ್ತ ಕಟ್ಟೆಯ ಮೇಲೆ ಕೂತಳೆಂದರೆ, ಆ ಬೆರಳು ಬಾಯಿಂದ ಹೊರಬರುವವರೆಗೆ ಯಾರು ಬಂದು ನಿಂತರೂ ಮಾತಿಲ್ಲ. ಹೊರಬಂದ ಮೇಲೆ ಮಾತಿಗೆ ಕೊನೆಯಿಲ್ಲ.

ಗಡಿಯಂಚಿನ ಉಗಾರ ಬುದ್ರುಕದಲ್ಲಿ ನಮ್ಮ ಮನೆಗೂ ಅವಳ ಮನೆಗೂ ಒಂದೇ ಗೋಡೆ. ನೆಂಟಳಲ್ಲ, ಆದರೂ ಅಜ್ಜಿಯನ್ನು ಕರೆಯುವ ಹಾಗೆ ಅವಳನ್ನು ಆಯಿ ಎನ್ನುತ್ತಿದ್ದೆ. ಅವ್ವ ಕಬ್ಬಿನ ಹೊಲಕ್ಕೆ ಕಳೆ ತೆಗೆಯಲು ಹೋಗುವಾಗ ನನ್ನನ್ನು ಬಿಟ್ಟುಹೋಗುತ್ತಿದ್ದುದು ಆಯಿಯ ಅಂಗಳದಲ್ಲಿ, ನಾಲ್ಕು ಆಡುಗಳ ಜೊತೆ. ನಾನು ಮಾತು ಕಲಿತದ್ದೂ ಅಲ್ಲೇ. "ನಿಂಗ ಮೊದಲ ಬೈಯಾಕ ಕಲಿಸಿದಾಕಿ ನಾನ, ಆಮ್ಯಾಲ ಮಾತಾಡಾಕ" ಎನ್ನುತ್ತಿದ್ದಳು. ಆಡುಗಳನ್ನು ಬೈಯುವುದು ಕನ್ನಡದಲ್ಲಿ. ಮರಿಗೆ ಜಡ್ಡಾದರೆ ಮಡಿಲಲ್ಲಿ ಹಾಕಿಕೊಂಡು ರಮಿಸುವುದು ಮಾತ್ರ ಮರಾಠಿಯಲ್ಲಿ. ಅದು ಅವಳ ತಾಯಿಯ ಮಾತು. ಗಡಿಯಾಚೆಯಿಂದ ಲಗ್ನವಾಗಿ ಬಂದಿದ್ದ ಆ ತಾಯಿ, ಆಯಿಗೆ ಹಾಲುಹಲ್ಲು ಬೀಳುವ ವಯಸ್ಸಿನಲ್ಲೇ ತೀರಿಕೊಂಡಿದ್ದಳು. ಒಂದು ಫೋಟೋ ಇಲ್ಲ, ಒಂದು ಸೀರೆ ಇಲ್ಲ. "ನಮ್ಮವ್ವಂದು ಏನರ ಉಳದೈತಿ ಅಂದ್ರ ಇದ ನೋಡು" ಎಂದು ನಾಲಿಗೆ ಚಾಚಿ ತೋರಿಸಿ ನಗುತ್ತಿದ್ದಳು.

ನನ್ನ ಡಿಗ್ರಿ ಮುಗಿದ ವರ್ಷ ವಿಶ್ವವಿದ್ಯಾಲಯದ ಮೇಡಂ ಒಬ್ಬರು ನಮ್ಮ ಕಡೆಗೆ ಬಂದರು. ಒಂದೇ ಬಾಯಲ್ಲಿ ಎರಡು ಭಾಷೆಯ ಉಚ್ಚಾರ ಹೇಗೆ ಒಟ್ಟಿಗೆ ಬಾಳುತ್ತದೆ ಎಂಬುದು ಅವರ ಸಂಶೋಧನೆ. ಹುಟ್ಟಿದಾಗಿನಿಂದ ಎರಡನ್ನೂ ಕೇಳಿ ಬೆಳೆದವರದು ಒಂದು ಗುಂಪು, ಎರಡನೆಯದನ್ನು ದೊಡ್ಡವರಾದ ಮೇಲೆ ಕಲಿತವರದು ಇನ್ನೊಂದು. ಜನರನ್ನು ಹುಡುಕಿ ತಂದು ಹಾಳೆ ತುಂಬುವ ಕೆಲಸ ನನಗೆ ಸಿಕ್ಕಿತು. "ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯಿರಿ. ನನಗೆ ಬೇಕಾಗಿರೋದು ಅಷ್ಟೇ" ಎಂದಿದ್ದರು ಮೇಡಂ.

ಮೊದಲು ಆರಿಸಿದ್ದು ಆಯಿಯನ್ನೇ. ಮನೆಮಾತು ಯಾವುದೆಂದು ಕೇಳಿದೆ.

"ಅಪ್ಪಂದು ಕನ್ನಡ, ಅವ್ವಂದು ಮರಾಠಿ. ಎರಡೂ ಬರಿ."

ಆಗ ನನ್ನ ತಲೆಯಲ್ಲಿ ಬೇರೆಯೇ ಗಾಳಿ ಹೊಕ್ಕಿತ್ತು. ಅಂಗಡಿಯ ಬೋರ್ಡು ಯಾವ ಭಾಷೆಯಲ್ಲಿದೆ ಎಂದು ಚಿಕ್ಕೋಡಿಯವರೆಗೂ ಹೋಗಿ ಜಗಳ ಕಾಯುತ್ತಿದ್ದ ದಿನಗಳವು. ನನಗೆ ಮಾತು ಕೊಟ್ಟವಳು ಅಚ್ಚ ಕನ್ನಡದವಳೇ ಆಗಿರಬೇಕೆಂಬ ಹಟ. ಮನೆಮಾತು ಕನ್ನಡ ಎಂದು ಬರೆದೆ. ಮರಾಠಿಯ ಮುಂದೆ, ಲಗ್ನವಾದ ಮೇಲೆ ಸಂತೆಯಲ್ಲಿ ಕಲಿತದ್ದು ಎಂದು ಬರೆದೆ.

"ಎರಡೂ ಬರ್ದಿ ಇಲ್ಲೊ?"

"ಬರ್ದೇನಿ, ಆಯಿ."

ಓದಲು ಬಾರದ ಅವಳು ಆ ಹಾಳೆಗೆ ಹೆಬ್ಬೆಟ್ಟು ಒತ್ತಿದಳು.

ಧ್ವನಿ ಹಿಡಿಯುವ ದಿನ ಮೇಡಂ ರೆಕಾರ್ಡರ್ ತಂದು ಆಯಿಯ ಮನೆಯಲ್ಲೇ ಕೂತರು. ಕಬ್ಬಿನ ಟ್ರ್ಯಾಕ್ಟರುಗಳ ಸದ್ದು ಒಳಗೆ ಬರಬಾರದೆಂದು ಆಯಿ ಹಳೆ ಬಟ್ಟೆಯಿಂದ ತಾನೇ ಹೊಲಿದ ಕೌದಿಗಳನ್ನು ಕಿಟಕಿ ಬಾಗಿಲಿಗೆ ಕಟ್ಟಿಸಿದಳು. ಒಂದೊಂದು ಶಬ್ದವನ್ನು ಮೂರು ಸಲ ಹೇಳಬೇಕಿತ್ತು. "ಅಕ್ಕಾರ, ಈ ಡಬ್ಬಿಗಿ ಏನ್ ಹೇಳ್ಲಿ? ಮನಷ್ಯಾರು ಎದರ ಇದ್ರ ಮಾತು" ಎಂದು ನನ್ನನ್ನು ಎದುರಿಗೆ ಕೂರಿಸಿಕೊಂಡಳು. ಕೊನೆಗೆ, ಮರಾಠಿಯಲ್ಲಿ ಏನಾದರೂ ಹೇಳಿ ಎಂದರು ಮೇಡಂ. ಆಯಿ ಸೆರಗು ಸರಿಮಾಡಿಕೊಂಡಳು. ಆಮೇಲೆ, ದೀಪ ಹಚ್ಚುವ ಹೊತ್ತಿಗೆ ತಾಯಿ ತನ್ನನ್ನು ಹೇಗೆ ಕೂಗುತ್ತಿದ್ದಳೋ ಹಾಗೆ ಕೂಗಿದಳು: "ಯೇ ಗ ಬಾಳಾ, ಘರೀ ಯೇ." ಬಾ ಮಗಳೇ, ಮನೆಗೆ ಬಾ. ಮೇಡಂ ಕಣ್ಣೊರೆಸಿಕೊಂಡರು. "ಈಗ ನಮ್ಮವ್ವ ಡಬ್ಯಾಗ ಕುಂತ್ಳು. ಇನ್ನ ಸಾಯಂಗಿಲ್ಲ" ಎಂದಳು ಆಯಿ, ಮೇಡಂ ಹೊರಟುಹೋದ ಮೇಲೆ.

ಕೆಲವು ತಿಂಗಳ ಮೇಲೆ ಮೇಡಂ ಫೋನ್ ಮಾಡಿದರು. "ನಿಮ್ಮ ಆಯಿಯ ಮರಾಠಿ ಸಂತೆಯಲ್ಲಿ ಕಲಿತವರ ಹಾಗಿಲ್ಲ. ಹಾಳೆಯಲ್ಲಿರೋದು ನಿಜಾನಾ? ತಪ್ಪಿದ್ದರೆ ಈಗಲೇ ಹೇಳಿ, ಗುಂಪು ಬದಲಿಸ್ತೀನಿ; ನಿಜವಾದರೆ ಇವರು ಯಾವ ಗುಂಪಿಗೂ ಕೂಡಲ್ಲ, ಕೈಬಿಡಬೇಕಾಗತ್ತೆ." ತಪ್ಪಾಯಿತು ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಒಂದು ಹಾಳೆ ಸುಳ್ಳೆಂದರೆ ಉಳಿದವುಗಳ ಮೇಲೂ ಅನುಮಾನ ಬರುತ್ತದೆ, ಕೆಲಸ ಹೋಗುತ್ತದೆ.

"ನಿಜಾ ರೀ" ಎಂದೆ.

ಆಯಿ ಮಾತ್ರ ಕಂಡಾಗಲೆಲ್ಲ ಕೇಳುತ್ತಿದ್ದಳು: "ನಮ್ಮವ್ವ ಎಲ್ಲಿತನಕ ಬಂದ್ಳೋ? ಒಂದ್ಸಲ ಕೇಳಸ್ಲೇ." ಕಡೆಗೆ ತಡೆಯಲಾರದೆ ಮೇಡಂಗೆ ಫೋನ್ ಮಾಡಿ ಸತ್ಯ ಹೇಳಿದೆ. ಅವರು ಆಯಿಯನ್ನು ಆಗಲೇ ಕೈಬಿಟ್ಟಿದ್ದರು. ಕೈಬಿಟ್ಟವರ ಧ್ವನಿ ಇಟ್ಟುಕೊಳ್ಳುವ ಹಾಗಿರಲಿಲ್ಲ, ಅಳಿಸಿಯಾಗಿತ್ತು.

ಕಟ್ಟೆಯ ಕೆಳಗೆ ಕೂತು ಎಲ್ಲವನ್ನೂ ಆಯಿಗೆ ಹೇಳಿದೆ. ಬಾಯಿಂದ ಬೆರಳು ತೆಗೆದು, ಉಗುಳಿ, ಸೆರಗಿನಿಂದ ಒರೆಸಿಕೊಂಡಳು. ಬೈದಾಳು ಎಂದು ಕಾದೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ಸಾವು ಒಮ್ಮೆ ಒಯ್ದಿತ್ತು. ಈಗ ನೀ ಒಯ್ದಿ" ಎಂದಳು. "ನಿನ್ನ ಎತ್ತಿ ಆಡ್ಸಿದ್ದು ಯಾವ ಮಾತಿನ್ಯಾಗ ಅಂತ ತಿಳ್ಕೊಂಡಿದ್ಯೋ, ತಮ್ಮಾ? ನಿಂಗೂ ಜಡ್ಡಾಕ್ಕಿತ್ತು."

ಅಂದಿನಿಂದ ಆಯಿ ನನ್ನ ಮುಂದೆ ಮರಾಠಿಯ ಒಂದು ಶಬ್ದ ಆಡಲಿಲ್ಲ. ಚಹಾ ಕೊಟ್ಟಳು, ನನ್ನ ಮಗುವಿಗೆ ಕೌದಿ ಹೊಲಿದಳು, ಎಲ್ಲ ಕನ್ನಡದಲ್ಲೇ. ಮರಿಯನ್ನು ರಮಿಸುತ್ತಿದ್ದವಳು ನನ್ನ ಹೆಜ್ಜೆ ಸಪ್ಪಳ ಕೇಳಿದರೆ ಸುಮ್ಮನಾಗುತ್ತಿದ್ದಳು.

ಹೋದ ವರ್ಷ ಅವಳು ಹಾಸಿಗೆ ಹಿಡಿದಳು. ಮಿಸ್ರಿ ಬಿಟ್ಟು ಬೆರಳಿನ ತುದಿ ಬೆಳ್ಳಗಾಗಿತ್ತು. ಕೊನೆಯ ದಿನ ಸಂಜೆ ನಾನು ಹೊಸ್ತಿಲಿಗೆ ಬಂದಾಗ ಕಣ್ಣು ಮುಚ್ಚಿಕೊಂಡು ಅದೇ ಕೂಗನ್ನು ಸಣ್ಣ ದನಿಯಲ್ಲಿ ಕೂಗುತ್ತಿದ್ದಳು. ಒಳಗೆ ಕಾಲಿಟ್ಟೆ. ಆಯಿಯ ಸೊಸೆ ನನ್ನ ಹೆಸರು ಹಿಡಿದು, ಬಂದಾನ ನೋಡ್ರಿ ಎಂದಳು. ಆಯಿ ಬಾಯಿ ಮುಚ್ಚಿದಳು.

ನಾನು ತಿರುಗಿ ನಮ್ಮ ಮನೆಗೆ ಬಂದು ನಡುಗೋಡೆಗೆ ಕಿವಿ ಹಚ್ಚಿ ಕೂತೆ. ಸ್ವಲ್ಪ ಹೊತ್ತಿನ ಮೇಲೆ ಆಚೆಯಿಂದ ಮತ್ತೆ ಶುರುವಾಯಿತು, ಬಾ ಮಗಳೇ, ಮನೆಗೆ ಬಾ. ದೀಪ ಹಚ್ಚುವ ಹೊತ್ತಿಗೆ ನಿಂತಿತು.