ಪೆಟ್ರೀನಾ ಬಾಯಿಬಿಟ್ಟು ಹೇಳಿದ್ದು

ಡೆನ್ಮಾರ್ಕಿನ ಕೈಯಲ್ಲಿದ್ದ ಸೇಂಟ್ ಥಾಮಸ್ ದ್ವೀಪದಲ್ಲಿ ಹಡಗುಗಳಿಗೆ ಕಲ್ಲಿದ್ದಲು ಹೊರುತ್ತಿದ್ದ ಆನ್ಸಿಲ್ಲಾ, ೧೯೧೭ರ ಮಾರ್ಚ್ ಕೊನೆಯ ದಿನ ಮುಖದ ಮಸಿಯನ್ನೂ ತೊಳೆಯದೆ ಬಂದರಿನ ಜನಜಂಗುಳಿಯಲ್ಲಿ ನಿಂತಳು. ತೋಪುಗಳು ಗುಡುಗಿದವು. ಡೆನ್ಮಾರ್ಕಿನ ಕೆಂಪು ಬಾವುಟ ಇಳಿಯಿತು, ಅಮೆರಿಕದ್ದು ಏರಿತು. ಕಾಲಡಿಯ ನೆಲ ಮಿಸುಕಲಿಲ್ಲ.

ಮನೆಯಲ್ಲಿ ಎಂಬತ್ತು ದಾಟಿದ ತಾಯಿ ಪೆಟ್ರೀನಾ ಮೆಕ್ಕೆಜೋಳದ ಮುದ್ದೆ ತೊಳಸುತ್ತಿದ್ದಳು.

“ಆಯ್ತೇನೇ?”

“ಆಯ್ತಮ್ಮಾ. ದ್ವೀಪ ಮಾರಿಬಿಟ್ರು. ನಾವಿನ್ನು ಅಮೆರಿಕದೋರಂತೆ.”

“ನಮ್ಮನ್ನ ಕೇಳಿದ್ರಾ?”

“ನಮ್ಮನ್ನ ಯಾರಮ್ಮಾ ಕೇಳ್ತಾರೆ!”

ಪೆಟ್ರೀನಾ ಹುಟ್ಟಿದ್ದು ಗುಲಾಮಳಾಗಿ. ಹುಡುಗಿಯಾಗಿದ್ದಾಗ ಪಕ್ಕದ ದ್ವೀಪದ ಕಬ್ಬಿನ ತೋಟದಿಂದ ಅವಳನ್ನು ಮಾರಿ, ಆಡುಗಳ ಜೊತೆ ದೋಣಿಯಲ್ಲಿ ಇಲ್ಲಿಗೆ ಸಾಗಿಸಿದ್ದರು.

ಡೆನ್ಮಾರ್ಕಿನವರಾಗಿಯೇ ಉಳಿಯಬೇಕೆನ್ನುವವರು ವರ್ಷದೊಳಗೆ ಕೋರ್ಟಿನಲ್ಲಿ ಹಾಗೆಂದು ಹೇಳಬೇಕು ಎಂದು ಪಾದ್ರಿ ಚರ್ಚಿನಲ್ಲಿ ತಿಳಿಸಿದರು. ಪೆಟ್ರೀನಾ ಕೋರ್ಟಿಗೆ ಹೊರಟೇಬಿಟ್ಟಳು. ಪಕ್ಕದ ಮನೆಯ ರುಫೀನಾ ಬಿದ್ದೂ ಬಿದ್ದೂ ನಕ್ಕಳು.

“ಅಜ್ಜೀ, ಡೆನ್ಮಾರ್ಕಲ್ಲಿ ಹಿಮ ಬೀಳತ್ತಂತೆ! ನಿನ್ನ ಮೂಳೆ ಕಟಕಟ ಅಂದಾವು!”

“ಬೀಳ್ಲಿ ಬಿಡೇ. ನಾನೇನು ಅಲ್ಲಿ ಸಂಸಾರ ಹೂಡ್ತೀನಾ?”

ಮಗಳ ತೋಳು ಹಿಡಿದು, ಮೆಟ್ಟಿಲು ಮೆಟ್ಟಿಲಿಗೂ ಉಸಿರು ತೆಗೆದುಕೊಳ್ಳುತ್ತ ಅವಳು ಕೋರ್ಟು ಹತ್ತಿದಳು. ನ್ಯಾಯಾಧೀಶರು ಕನಿಕರದಿಂದಲೇ ಹೇಳಿದರು: “ಈ ವಯಸ್ಸಲ್ಲಿ ಯಾಕಜ್ಜೀ ಈ ತೊಂದರೆ? ಸುಮ್ಮನಿದ್ದರೆ ಸಾಕು, ಅಮೆರಿಕದವರ ಲೆಕ್ಕಕ್ಕೆ ಬರ್ತೀರಿ.”

“ನನ್ನ ಮಾರಿದಾಗ ಸುಮ್ನಿದ್ದೆ ಸ್ವಾಮಿ. ಬಿಡುಗಡೆ ಅಂದಾಗ್ಲೂ ಸುಮ್ನೇ ಇದ್ದೆ. ನೀನ್ಯಾರು ಅಂತ ಯಾರೂ ಕೇಳ್ಲಿಲ್ಲ. ಈಗ ಹೇಳೋಕೆ ಒಂದು ಮಾತು ಅಂತ ಸಿಕ್ಕಿದೆ, ಹೇಳ್ತೀನಿ. ನಾನು ಡೆನ್ಮಾರ್ಕಿನೋಳು.”

ನ್ಯಾಯಾಧೀಶರು ಕುರ್ಚಿಯಿಂದ ಎದ್ದು ನಿಂತರು. ದಿನವೂ ತನಗೆ ಮುದ್ದೆ ಬಡಿಸುತ್ತಿದ್ದ ಈ ಸಣಕಲು ಮುದುಕಿಯನ್ನು ಆನ್ಸಿಲ್ಲಾ ಹೊಸದಾಗಿ ಕಂಡವಳಂತೆ ನೋಡಿದಳು. ಹಿಡಿದ ತೋಳನ್ನು ತಾನಾಗಿಯೇ ಬಿಟ್ಟಳು. ತಾಯಿ ಆಸರೆಯಿಲ್ಲದೆ ನೆಟ್ಟಗೆ ನಿಂತಿದ್ದಳು.

ಸುಮ್ಮನಿದ್ದವರ ಪಾಡು ಆಮೇಲೆ ತಿಳಿಯಿತು. ಅವರು ಅಮೆರಿಕದ ಆಳ್ವಿಕೆಗೆ ಸೇರಿದವರಂತೆ, ಆದರೆ ಪ್ರಜೆಗಳಲ್ಲವಂತೆ. ನ್ಯೂಯಾರ್ಕಿಗೆ ಹೋದ ತಮ್ಮ ಹೀಗೆ ಬರೆದಿದ್ದಾನೆ ಎಂದು ರುಫೀನಾ ಬಂದು ಹೊಸ್ತಿಲ ಮೇಲೆ ಕುಸಿದಳು.

“ಅತ್ಲಾಗೂ ಇಲ್ಲ, ಇತ್ಲಾಗೂ ಇಲ್ಲ ಕಣಜ್ಜೀ ನಾವು.”

ಪೆಟ್ರೀನಾ ಹಂಗಿಸಲಿಲ್ಲ. ಮುದ್ದೆಯ ತಟ್ಟೆಯನ್ನು ಅವಳತ್ತ ಸರಿಸಿದಳು.

ಸುಮ್ಮನಿದ್ದವರಿಗೆ ಅಮೆರಿಕದ ಪೌರತ್ವ ಸಿಗಲು ಹತ್ತು ವರ್ಷ ಹಿಡಿಯಿತು. ಅಷ್ಟರಲ್ಲಿ ಪೆಟ್ರೀನಾ ತೀರಿಕೊಂಡಿದ್ದಳು. ಮಣ್ಣಿಗಿಡುವಾಗ ಪಾದ್ರಿ ಅವಳ ಹೆಸರು ಹೇಳಿ, “ಡೆನ್ಮಾರ್ಕಿನ ಪ್ರಜೆ” ಎಂದರು. ಸುತ್ತ ನೆರೆದಿದ್ದ, ಯಾವ ದೇಶದ ಪ್ರಜೆಗಳೂ ಅಲ್ಲದ ಅಷ್ಟೂ ಗಂಡಸರು ಟೋಪಿ ತೆಗೆದರು. ಆನ್ಸಿಲ್ಲಾ ಅಳುವುದನ್ನೂ ಮರೆತು ಅವರನ್ನೇ ನೋಡುತ್ತ ನಿಂತಳು.