ಮಧ್ವರಾಜನ ನಡಿಗೆ, ನನ್ನ ಕುರ್ಚಿ

ರಾಯಪುರಂನ ನಮ್ಮ ಹೋಟೆಲಿನಲ್ಲಿ ಅಡುಗೆಯ ಮಧ್ವರಾಜ ರುಚಿ ನೋಡದೆ ಬೆಳಗಿನ ಮೊದಲ ವಡೆ ಹೊರಗೆ ಹೋಗುವುದಿಲ್ಲ. ಕುಂದಾಪುರದ ಕಡೆಯಿಂದ ಹದಿನೈದನೇ ವಯಸ್ಸಿಗೆ ಬಂದವನು, ಮೂವತ್ತೆಂಟು ವರ್ಷದಿಂದ ಅದೇ ಒಲೆಯ ಮುಂದೆ ನಿಂತಿದ್ದಾನೆ. ಮದುವೆಯಾದ ಮೂರನೇ ದಿನವೇ, ತಾನಿಲ್ಲದೆ ಹೋಟೆಲಿನ ಸಾಂಬಾರು ಕೆಟ್ಟೀತೆಂದು ಬಸ್ಸು ಹತ್ತಿದ ಪುಣ್ಯಾತ್ಮ. ಹೆಂಡತಿ ಸರಸಕ್ಕ ಅದನ್ನು ಇವತ್ತಿಗೂ ಮರೆತಿಲ್ಲ.

ಅವನ ಕೊಲೆಸ್ಟ್ರಾಲ್ ಏರಿದೆಯೆಂದು ತಿಳಿದಾಗ ಧಣಿ ಸುರೇಶ್ ರಾಯರು ತೀರ್ಪು ಕೊಟ್ಟರು: "ಮೂರು ತಿಂಗಳಲ್ಲಿ ರಿಪೋರ್ಟ್ ಸರಿಯಾಗ್ಬೇಕು. ಇಲ್ಲದಿದ್ರೆ ಒಲೆ ಬಿಟ್ಟು ಗಲ್ಲಾದಲ್ಲಿ ಕೂತ್ಕೋ ಮಾರಾಯ."

ಮಧ್ವರಾಜನ ಮುಖ ಬಾಡಿತು. ನನ್ನದು ಇನ್ನೂ ಹೆಚ್ಚು ಬಾಡಿತು. ಗಲ್ಲಾದ ಆ ಕುರ್ಚಿ ಇಪ್ಪತ್ತು ವರ್ಷದಿಂದ ನನ್ನದು!

"ದಿನವಿಡೀ ನಿಂತೇ ಇರ್ತೇನಲ್ಲ, ಮತ್ತೆಂತ ವ್ಯಾಯಾಮ?" ಎಂದು ಅವನು ಡಾಕ್ಟರ್ ನಂದಿತಾರನ್ನು ಕೇಳಿದ.

ಮೈಸೂರಿನ ಆಕೆ ನಕ್ಕರು. "ನಿಲ್ಲೋದು ಬೇರೆ, ನಡೆಯೋದು ಬೇರೆ. ಒಂದೇ ಎಣ್ಣೇನ ಪದೇ ಪದೇ ಕಾಯಿಸಿದ್ರೆ ಕಮಟು ಹಿಡಿಯಲ್ವಾ? ರಕ್ತದಲ್ಲಿರೋ ಕೊಬ್ಬೂ ಹಂಗೇ ಕೆಡತ್ತೆ. ದಿನಾ ನಡೆದ್ರೆ ಅದನ್ನ ತಡೆಯೋ ಶಕ್ತಿ ಮೈಗೇ ಬರತ್ತೆ. ಒಂದೇ ದಿನ ಓಡಿ ಸುಸ್ತಾಗ್ಬೇಡಿ, ಅದು ಉಲ್ಟಾ ಹೊಡೆಯತ್ತೆ."

ಎಣ್ಣೆಯ ಮಾತು ಅವನಿಗೆ ನಾಟಿತು. ದಿನಾ ಸಂಜೆಯ ಬಿಡುವಿನಲ್ಲಿ ಮೀನುಗಾರರ ಬಂದರಿನವರೆಗೆ ನಡೆಯತೊಡಗಿದ. ದಾರಿಯಲ್ಲಿ ಬಜ್ಜಿ ಅಂಗಡಿಗೆ ನುಗ್ಗಿಯಾನೆಂಬ ಗುಮಾನಿ ನನಗೆ. ಸ್ಕೂಟರಿನಲ್ಲಿ ಹಿಂದೆಯೇ ಹೋಗುತ್ತಿದ್ದೆ.

"ನಾನು ಬೆವರುದು, ನೀನು ಗಾಳಿ ತಿನ್ನುದಾ?" ಎಂದು ಅವನು ಬೈಯುತ್ತಿದ್ದ. ಉಪಕಾರ ಮಾಡುವವರಿಗೆ ಸಿಗುವುದು ಇಷ್ಟೇ.

ಅಷ್ಟಕ್ಕೇ ಬಿಡಲಿಲ್ಲ ನಾನು. ಅವನ ರಿಪೋರ್ಟ್ ಕೆಡಬಾರದೆಂದು ಮೊದಲ ವಡೆಯ ರುಚಿ ನೋಡುವ ಕೆಲಸವನ್ನೂ ಮೈಮೇಲೆ ಹಾಕಿಕೊಂಡೆ. ಒಂದರಲ್ಲಿ ಉಪ್ಪಿನ ಹದ ತಿಳಿಯಲಿಲ್ಲ, ಎರಡು ಬೇಕಾಯಿತು. ತುಪ್ಪದ ಪೊಂಗಲಿಗೆ ತಟ್ಟೆಯೇ ಬೇಕಾಯಿತು. ಎಲ್ಲ ಅವನ ಹೃದಯಕ್ಕಾಗಿ.

ಮೂರು ತಿಂಗಳಾಯಿತು. ಮಧ್ವರಾಜನ ಕೆಟ್ಟ ಕೊಲೆಸ್ಟ್ರಾಲ್ ಇಳಿದಿತ್ತು, ಒಳ್ಳೆಯದು ಏರಿತ್ತು. ನಾನು ಕುಣಿಯುವುದೊಂದು ಬಾಕಿ. ರಾಯರು ನನ್ನ ಹೊಟ್ಟೆಯ ಕಡೆ ನೋಡಿ, "ನಿಂದೂ ಒಂದು ರಿಪೋರ್ಟ್ ಮಾಡಿಸಿ ತೋರಿಸು ಪದ್ಮನಾಭ" ಎಂದರು.

ನನ್ನ ರಿಪೋರ್ಟನ್ನು ಡಾಕ್ಟರು ಎರಡು ಸಲ ಓದಿದರು. ರಾಯರಿಗೆ ಒಂದೇ ಸಲ ಸಾಕಾಯಿತು. "ನೀನು ಕೂತದ್ದು ಸಾಕು. ನಾಳೆಯಿಂದ ಸಪ್ಲೈಗೆ ನಿಲ್ಲು."

ಮರುದಿನ ಮಧ್ವರಾಜ ಮೊದಲ ವಡೆಯ ಚೂರು ಮುರಿದು ಬಾಯಿಗಿಟ್ಟು ತಲೆಯಾಡಿಸಿದ. ಎರಡು ಬಿಸಿ ವಡೆ ತಟ್ಟೆಗಿಟ್ಟು ನನ್ನತ್ತ ಸರಿಸಿದ. ಪಾಪ, ಉಪಕಾರ ನೆನಪಿದೆಯಲ್ಲ ಎಂದು ಕಣ್ಣು ತುಂಬಿ ಬಂದು, ಕೈ ಹಾಕಿದೆ.

"ಹೇ, ತಿನ್ನಲಿಕ್ಕಲ್ಲ ಮಾರಾಯ! ಮೂರನೇ ಟೇಬಲಿಗೆ. ಬೇಗ ನಡಿ."