ಚಂದ್ರವ್ವತ್ತೆ ಹೇಳಿದ ಹೆಸರು

ಹೋದ ವಾರ ಹುಕ್ಕೇರಿಯ ಒಂದು ಮದುವೆಯಲ್ಲಿ ಮದುಮಗಳಿಗೆ 'ಗಂಡನ ಹೆಸರು ಹೇಳು' ಎಂದು ಹೆಂಗಸರು ಗಂಟುಬಿದ್ದರು. ಹುಡುಗಿ ಥಟ್ಟನೆ, ಇನಿಷಿಯಲ್ ಸಮೇತ, ಹೇಳಿ ಹೋಳಿಗೆಗೆ ಕೈ ಹಾಕಿದಳು.

ಎಲ್ಲರೂ ನಕ್ಕರು. ನನಗೆ ಚಂದ್ರವ್ವತ್ತೆ ನೆನಪಾದಳು.

ಆಗೆಲ್ಲ (ಐವತ್ತರ ದಶಕ, ವರ್ಷ ಕೇಳಬೇಡಿ, ನನ್ನ ನೆನಪನ್ನು ನಾನೇ ನಂಬುವುದಿಲ್ಲ) ನಮ್ಮ ಕಡೆ ಹೆಂಗಸರು ಗಂಡನ ಹೆಸರು ಎತ್ತುತ್ತಿರಲಿಲ್ಲ. ಮದುವೆ, ತೊಟ್ಟಿಲ ಕಾರ್ಯಗಳಲ್ಲಿ ಮಾತ್ರ ಪ್ರಾಸ ಕಟ್ಟಿ, ಅದರೊಳಗೆ ಹೆಸರು ಸೇರಿಸಿ ಹೇಳಬೇಕು. ಅದೇ ಒಡಪು. ಮೂಡಲಗಿಯಲ್ಲಿದ್ದ ನನ್ನ ಸೋದರಮಾವನ ಹೆಂಡತಿ ಚಂದ್ರವ್ವ ಓಣಿಯ ಸೊಸೆಯರಿಗೆಲ್ಲ ಒಡಪು ಕಟ್ಟಿಕೊಡುತ್ತಿದ್ದಳು. ಯಾವ ಹೆಸರೇ ತನ್ನಿ, ರೊಟ್ಟಿ ಬಡಿಯುತ್ತಲೇ ಪ್ರಾಸ ರೆಡಿ. ತಾನು ಮಾತ್ರ ಹೇಳುವಂತಿರಲಿಲ್ಲ. ಮಾವ ತೀರಿಕೊಂಡು ಬಹಳ ಕಾಲವಾಗಿತ್ತು. ಗಂಡನಿಲ್ಲದವಳನ್ನು ಹೆಸರು ಕೇಳುವವರು ಯಾರು?

ಗೋಕಾಕದಲ್ಲಿ ನಮ್ಮ ಅಕ್ಕನ ಮಗುವಿನ ತೊಟ್ಟಿಲ ಕಾರ್ಯ. ಧಾರವಾಡದಲ್ಲಿ ಡಿಗ್ರಿ ಮುಗಿಸಿದ್ದ ನಾನು, ಇದೆಲ್ಲ ಯಾಕೆ ಬೇಕು ಎಂಬ ಮುಖ ಹೊತ್ತು ಕಂಬಕ್ಕೊರಗಿದ್ದೆ. ಹೆಂಗಸರು ಸರದಿಯಂತೆ ಒಡಪು ಹೇಳುತ್ತ ಬಂದರು. ಸರದಿ ಚಂದ್ರವ್ವತ್ತೆಯನ್ನು ದಾಟಿ ಮುಂದಿನವಳಿಗೆ ಹೋಯಿತು. ಯಾವಾಗಲೂ ಹಾಗೇ.

"ತಡೀರಿ, ನಂದೂ ಒಂದ ಐತಿ," ಎಂದಳು ಅತ್ತೆ.

ಅಕ್ಕನ ಅತ್ತೆ ಹುಬ್ಬು ಗಂಟಿಕ್ಕಿದರು. "ಯಾರ ಹೆಸರ ಹೇಳ್ತಿ ಚಂದ್ರವ್ವ? ಶುಭಕಾರ್ಯ ಐತಿ, ನೋಡಿ ಹೇಳವಾ."

"ಬದುಕಿದ್ದವರದ ಹೇಳ್ತೇನ್ರಿ, ಅಂಜಬ್ಯಾಡ್ರಿ."

ಸೆರಗು ಸರಿಮಾಡಿಕೊಂಡು ಶುರು ಮಾಡಿದಳು:

"ಊರ ಗಂಡರ ಹೆಸರೆಲ್ಲ ಹೂವಿನಂಗ ಪೋಣಿಸಿದಾಕಿ,
ತನ್ನ ಹೆಸರ ತವರಾಗ ಬಿಟ್ಟ ಮರತ ಬಂದಾಕಿ,
ಮೇಲವಂಕಿ ನೀಲವ್ವ, ನೋಡ್ರಿ, ಇಲ್ಲೇ ಕುಂತಾಳ ಆಕಿ."

(ಎರಡನೇ ಸಾಲು ಹೀಗೇ ಇತ್ತೆಂದು ಆಣೆ ಮಾಡಲಾರೆ. ಹೆಸರು ಮಾತ್ರ ಖರೆ.)

"ಯಾರವಾ ಈ ನೀಲವ್ವ?" ಯಾರೋ ಕೇಳಿದರು.

"ನಾನ್ರಿ. ಮೇಲವಂಕಿ ನನ್ನ ತವರೂರು. ಚಂದ್ರವ್ವ ಅಂತ ಲಗ್ನದಾಗ ಗಂಡನ ಮನಿಯವರು ಇಟ್ಟದ್ದು. ನಿನ್ನಿ ರಾತ್ರಿ ಎಲ್ಲಾರ ಒಡಪು ಕಟ್ಟಿ ಮುಗಿಸಿದ ಮ್ಯಾಲ ನೆನಪಾತು, ನನಗೂ ಒಂದ ಹೆಸರ ಇತ್ತಲ್ಲ ಅಂತ."

ನನಗೂ ಅದು ಗೊತ್ತಿರಲಿಲ್ಲ. ಅವಳ ತೊಡೆಯ ಮೇಲೆ ಬೆಳೆದವನು ನಾನು.

ಆಮೇಲೆ ಅಕ್ಕನ ಅತ್ತೆಯೇ, ಮಗುವಿನ ಕುಲಾವಿ ಸರಿಪಡಿಸುತ್ತ, ಮೆಲ್ಲಗೆ ಅಂದರು: "ನಂದೂ ಲಗ್ನದಾಗ ಬದಲ ಮಾಡಿದ್ರು. ಮೊದಲಿಂದು ಏನಿತ್ತೋ, ಬಾಯಾಗ ಬರವಲ್ದು."

ಚಂದ್ರವ್ವತ್ತೆ ಚಾಪೆಯ ಮೇಲೆ ಜಾಗ ಮಾಡಿದಳು. "ಇಲ್ಲಿ ಕುಂದರ ಬರ್ರಿ ಬೀಗತಿ. ನಿಮ್ಮವ್ವ ಏನಂತ ಕೂಗಿ ಊಟಕ್ಕ ಕರೀತಿದ್ರು, ಅಲ್ಲಿಂದ ಹುಡುಕೂಣ."

ಅಂದಹಾಗೆ, ನಿಮ್ಮ ಅಜ್ಜಿಯನ್ನು ಅವರ ತವರಿನಲ್ಲಿ ಏನೆಂದು ಕರೆಯುತ್ತಿದ್ದರು?